ಪೆಟ್ರೋಲಿನ ಬುತ್ತಿ

ನನ್ನ ನೆಗೆಣ್ಣಿ ತೀರಿಕೊಂಡ ಮೇಲೆ ಮಾತನಾಡಿಸಲು ಬಂದವರೆಲ್ಲ ನನ್ನ ಮುಂದೆಯೇ ಕುಳಿತು ಅವಳನ್ನು ಹೊಗಳಿದರು. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ನನಗಿಂತ ಮೊದಲು ಹೊರಟುಹೋದಳು. ಅದರಲ್ಲೂ ನನ್ನನ್ನು ಹಿಂದೆ ಹಾಕಿದಳು. ನೇಸರಗಿಯಿಂದ ಬಂದ ಬೀಗರೊಬ್ಬರು, "ಅಂಥಾ ಹೆಣಮಗಳು ಸಾವಿರಕ್ಕ ಒಬ್ಬಾಕಿ ನೋಡ್ರಿ" ಎಂದು ನಿಟ್ಟುಸಿರು ಬಿಟ್ಟರು. ನಾನು ಹೂಂ ಅಂದೆ. ಉಳಿದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಬ್ಬಾಕೆ ಎದುರಿಗೇ ಕುಳಿತು ತಮಗೆ ಚಹಾ ಸೋಸುತ್ತಿದ್ದಾಳೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನಾಗಬೇಕು? ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದರೆ ತಪ್ಪಾದೀತು, ಈಗಲೂ ಇದೆ. ಸತ್ತವರ ಮೇಲೆ ಮತ್ಸರ ಪಡಬಾರದು ಎನ್ನುತ್ತಾರೆ. ಹಾಗೆ ಹೇಳುವವರಿಗೆ ಇಂಥ ನೆಗೆಣ್ಣಿ ಇದ್ದಿರಲಿಕ್ಕಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷವೋ ಏನೋ ಅವಳು ಬೈಲಹೊಂಗಲದ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಅವಳಪ್ಪ ಸಂಪಗಾಂವದವನು. ಹರೆಯದಲ್ಲೇ ಊರು ಬಿಟ್ಟು ಮಹಾಬಳೇಶ್ವರ ಸೇರಿ, ಮುಂಬೈಯಿಂದ ಹವಾ ತಿನ್ನಲು ಬರುವ ಸಾಹುಕಾರರಿಗೆ ಬಾಡಿಗೆ ಮೋಟಾರು ಓಡಿಸುತ್ತಿದ್ದ. ಗಂಡುಮಕ್ಕಳಿರಲಿಲ್ಲ. ಹೀಗಾಗಿ ಉಳಿದ ಹುಡುಗಿಯರು ರಂಗೋಲಿ ಕಲಿಯುವ ಹೊತ್ತಿನಲ್ಲಿ ಇವಳು ಮೋಟಾರಿನ ಹೊಟ್ಟೆಯೊಳಗೆ ಕೈ ಹಾಕಿ ಬೆಳೆದಳು. ನಾನು ಸವದತ್ತಿಯವಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಪತ್ರ ಓದಿಸಿಕೊಳ್ಳಲು ಹೆಂಗಸರು ನನ್ನ ಹತ್ತಿರ ಬರುತ್ತಿದ್ದರು. ಅವಳು ಬಂದ ಮೇಲೂ ಬಂದರು. ಪತ್ರ ನನ್ನಿಂದ ಓದಿಸಿಕೊಂಡು, ಆಮೇಲೆ ಅವಳ ಹತ್ತಿರ ಕುಳಿತು ನಗುತ್ತಿದ್ದರು.

ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನನಗೆ ನಿದ್ದೆ ಹತ್ತುವುದಿಲ್ಲ. ಕೊಣಮಿಗೆಯಲ್ಲಿ ಹಿಟ್ಟು ನಾದುವುದೂ ಬರುತ್ತಿರಲಿಲ್ಲ, ತಟ್ಟುವುದೂ ಬರುತ್ತಿರಲಿಲ್ಲ. ತಿರುವಿ ಹಾಕುವಾಗಂತೂ ರೊಟ್ಟಿ ಮೂರು ದಿಕ್ಕಿಗೆ ಹೋಗುತ್ತಿತ್ತು. ಆದರೆ ನೋಡಿ, ನನ್ನ ರೊಟ್ಟಿಯ ಅಂಚು ಚೂರು ಸೀಳಿದರೆ ಮುಖ ಗಂಟು ಹಾಕುತ್ತಿದ್ದ ನಮ್ಮ ಅತ್ತೆ, ಅವಳ ರೊಟ್ಟಿ ಹರಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಇರಲಿ ಬಿಡು, ಹೆಂಗಿದ್ರೂ ಮುರದ ತಿನ್ನೂದಲ್ಲ" ಅನ್ನುತ್ತಿದ್ದರು. ಆ ಮಾತನ್ನು ನನಗೆ ಒಮ್ಮೆಯೂ ಅಂದವರಲ್ಲ.

ಅವಳ ಆಸ್ತಿ ಅವಳ ಕಿವಿ. ಯಾವ ಸಪ್ಪಳ ಕೇಳಿದರೂ ಕಣ್ಣು ಮುಚ್ಚಿ, ತಲೆ ವಾರೆ ಮಾಡಿ, ಒಂದು ಬೆರಳು ಮೇಲೆತ್ತಿ ನಿಲ್ಲುತ್ತಿದ್ದಳು. ಆ ಬೆರಳು ಮೇಲಿದ್ದಷ್ಟು ಹೊತ್ತು ಯಾರೂ ಮಾತಾಡಬಾರದು. ಮದುವೆಯಾಗಿ ಬಂದ ವಾರದಲ್ಲೇ ಪಡಸಾಲೆಯಲ್ಲಿ ಕುಳಿತು, ಅಡಿಗೆಮನೆಯಲ್ಲಿ ನಾನು ಹಚ್ಚಿದ್ದ ಸ್ಟೋವಿನ ಸಪ್ಪಳ ಕೇಳಿ ಒಳಗೆ ಬಂದಳು. "ಅಕ್ಕಾ, ಸ್ಟೋವಿನ ತೂತು ಕಟ್ಟೈತ್ರಿ, ಅದಕ್ಕ ಹಂಗ ಕೆಮ್ಮತೈತಿ" ಎಂದಳು. ಅದು ನನ್ನ ತವರಿನಿಂದ ಬಂದ ಸ್ಟೋವು. ಪಿನ್ನು ಚುಚ್ಚಿ, ಗಾಳಿ ಹೊಡೆದು, ನೀಲಿ ಉರಿ ಎಬ್ಬಿಸಿಬಿಟ್ಟಳು. ಅತ್ತೆ ನನ್ನ ಕಡೆ ನೋಡಿ, "ಇಷ್ಟ ದಿನ ನಮಗ ಹೊಗಿ ಕುಡಿಸಿದ್ಯಲ್ಲ" ಎಂದರು. ಬೀಸುಕಲ್ಲಿನ ಗೂಟ ಸಡಿಲಾದದ್ದು, ಗೋಡೆ ಗಡಿಯಾರ ಹಿಂದೆ ಬಿದ್ದದ್ದು, ಕಲ್ಲಂಗಡಿ ಹಣ್ಣಾದದ್ದು, ಎಲ್ಲವೂ ಅವಳ ಕಿವಿಗೇ ಮೊದಲು ಗೊತ್ತಾಗಬೇಕು. "ಸಪ್ಪಳ ಸುಳ್ಳ ಹೇಳಂಗಿಲ್ಲರಿ ಅಕ್ಕಾ" ಎನ್ನುವುದು ಅವಳ ಮಾತು. ಮನುಷ್ಯರು ಹೇಳುತ್ತಾರೆ ಎಂದು ಅದರ ಅರ್ಥವೋ ಏನೋ, ನಾನು ಕೇಳಲಿಲ್ಲ.

ಇನ್ನು ನಮ್ಮ ಗಾಡಿಯ ವಿಷಯ. ಬೆಳಗಾವಿಯಲ್ಲಿದ್ದ ಸಾಹೇಬನೊಬ್ಬ ವಿಲಾಯಿತಿಗೆ ಹೊರಟಾಗ ಬಿಟ್ಟುಹೋದ ಹಳೇ ಮೋಟಾರು ಅದು. ಹತ್ತಿಯ ವ್ಯಾಪಾರ ಚೆನ್ನಾಗಿದ್ದ ಕಾಲದಲ್ಲಿ ಮಾವನವರು ಅದನ್ನು ಕೊಂಡರು. ತಾವು ಹೆಚ್ಚು ದಿನ ಹತ್ತಲಿಲ್ಲ, ತೀರಿಕೊಂಡರು. ಅಲ್ಲಿಂದ ಅದು ನಮ್ಮ ಮನೆಯವರ ಕೈಗೆ ಬಂತು. ಅವರ ಪ್ರಾಣವೆಲ್ಲ ಅದರಲ್ಲೇ. ಸ್ಟೇರಿಂಗಿನ ನಡುವೆ ಸಣ್ಣದೊಂದು ಕೀಲು ಇತ್ತು. ಇಂಜಿನ್ನಿನೊಳಗೆ ಕಿಡಿ ಬೀಳುವ ಹೊತ್ತನ್ನು ಅದರಿಂದ ಹಿಂದೆ ಮುಂದೆ ಮಾಡಬಹುದು. ಮೇಲೆ ಸರಿಸಿದರೆ ಕಿಡಿ ಬೇಗ, ಕೆಳಗೆ ಸರಿಸಿದರೆ ತಡ. ಪೂರಾ ಮೇಲಿಟ್ಟರೆ ಗಾಡಿ ಚುರುಕಾಗಿ ಓಡುತ್ತದೆ ಎಂದು ಇವರು ಅಲ್ಲಿಯೇ ಇಟ್ಟಿದ್ದರು. ದಸರೆಯ ಖಂಡೇಪೂಜೆಯ ದಿನ ನಮ್ಮ ಅತ್ತೆ ಗಾಡಿಗೆ ಕುಂಕುಮ ಹಚ್ಚಿ, ಅರಿಷಿಣದ ದಾರದ ಕಂಕಣವನ್ನು ಎಲ್ಲಿ ಕಟ್ಟುವುದೆಂದು ಹುಡುಕಿ, ಆ ಕೀಲಿಗೇ ಸುತ್ತಿ ಸ್ಟೇರಿಂಗಿಗೆ ಬಿಗಿದು ಕಟ್ಟಿಬಿಟ್ಟರು. ಆ ಮೇಲೆ ಅದನ್ನು ಯಾರು ಮುಟ್ಟುತ್ತಾರೆ? ದೇವರ ದಾರ, ಅವ್ವ ಕಟ್ಟಿದ್ದು. ಕೀಲು ಮೇಲೆಯೇ ಉಳಿಯಿತು.

ಆಗ ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿತ್ತು. ಸಾಲದೆ ಬಂದಾಗ ಇವರು ಸೀಮೆಎಣ್ಣೆ ಬೆರೆಸಿ ಓಡಿಸಿದರು. ಗಾಡಿ ಚಕಾರ ಎತ್ತಲಿಲ್ಲ. ಕೂಪನ್ನು ಹೋಗಿ ಪೆಟ್ರೋಲು ಬೇಕಾದಷ್ಟು ಸಿಗತೊಡಗಿದ ಮೇಲೂ ಬೆರೆಸುವುದನ್ನು ಬಿಡಲಿಲ್ಲ, ಅದು ಅವರ ಹೆಮ್ಮೆಯಾಗಿತ್ತು. "ನನ್ನ ಗಾಡಿಗೆ ಏನ ಕುಡಿಸಿದ್ರೂ ಜೀರ್ಣ ಆಗತೈತಿ" ಎಂದು ಕಿತ್ತೂರಿನ ತನಕ ಸುದ್ದಿ ಹಬ್ಬಿಸಿದ್ದರು. ನನ್ನ ತವರಿಗೆ ಹೋದಾಗ ಮಂದಿಯನ್ನು ತುಂಬಿಕೊಂಡು ಸವದತ್ತಿಯ ಗುಡ್ಡ ಏರಿಸಿ ತೋರಿಸಿದ್ದರು. ನಮ್ಮಪ್ಪ ಬೆರಗಾಗಿ ಅಳಿಯನ ಬೆನ್ನು ತಟ್ಟಿದ್ದರು. ಆ ದಿನ ನಾನೂ ಎದೆ ಉಬ್ಬಿಸಿಕೊಂಡು ಕುಳಿತಿದ್ದೆ.

ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೊಡನೆ ನೇರ ಮಾತಾಡುತ್ತಿರಲಿಲ್ಲ. ಭಾವ ಎದುರಿಗೆ ಬಂದರೆ ಸೆರಗು ಮುಂದೆಳೆದು ಬದಿಗೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ನನ್ನ ಮೂಲಕ. ಒಂದೇ ಗಾಡಿಯಲ್ಲಿ, ಕೈಯಳತೆಯಲ್ಲಿ ಕುಳಿತಿದ್ದರೂ ಅವಳು "ಅಕ್ಕಾ, ಭಾವಗ ಹೇಳ್ರಿ" ಎಂದು ಶುರು ಮಾಡುತ್ತಿದ್ದಳು. ಅವಳಂದದ್ದನ್ನು ನಾನು ಮತ್ತೊಮ್ಮೆ ಹೇಳಬೇಕು, ಇವರು ಆಗಷ್ಟೇ ಕೇಳಿದವರಂತೆ ಕೇಳಬೇಕು, ಉತ್ತರ ನನಗೆ ಹೇಳಬೇಕು, ನಾನು ಅವಳಿಗೆ ಹೇಳಬೇಕು. ಹೊರಗಿನವರಿಗೆ ನಗು ಬರಬಹುದು. ನನಗೆ ಆ ಪದವಿ ಹಿತವಾಗಿತ್ತು. ಅವಳ ಜಾಣತನ ಎಷ್ಟೇ ಇರಲಿ, ನನ್ನ ಗಂಡನನ್ನು ಮುಟ್ಟಬೇಕಾದರೆ ನನ್ನ ಬಾಯಿಂದ ಹಾದು ಹೋಗಬೇಕು.

ಒಂದು ಬೇಸಿಗೆ ರಾಮದುರ್ಗಕ್ಕೆ ಮದುವೆಯ ಸೀರೆ ತರಲು ಹೋಗಿದ್ದೆವು. ಆ ಊರು ನಮ್ಮ ಕಡೆಗಿಂತ ತಗ್ಗು, ಬಿಸಿಲೂ ಹೆಚ್ಚು. ತಿರುಗಿ ಬರುವಾಗ ಹೊಳೆಯ ದಂಡೆಯಿಂದ ಏರು ಹತ್ತುವಲ್ಲಿ ಇಂಜಿನ್ನಿನೊಳಗೆ ಪಟಪಟ ಸಪ್ಪಳ ಕೇಳಿತು. ಪಕ್ಕದಲ್ಲಿ ಬೆರಳು ಮೇಲೆದ್ದಿತು.

"ಅಕ್ಕಾ, ಇಂಜಿನ್ ಅಳ್ಳು ಹುರ್ಯಾಕ ಹತ್ತೈತಿ. ಭಾವಗ ಹೇಳ್ರಿ, ಸೀಮಿ ಎಣ್ಣಿ ಬೆರಸೂದು ಕಡಿಮಿ ಮಾಡ್ರಿ ಅಂತ."

ನಾನು ಹೇಳಿದೆ. ಇವರು ನಕ್ಕರು. "ಹೊಟ್ಟಿ ಹಸದ್ರ ಹಂಗ ಕೇಳಸತೈತಿ. ಮನಿಗೆ ಹೋಗಿ ಹುರದ ತಿನ್ನಂತ ಹೇಳು."

ನಾನು ಅದನ್ನೂ ಹೇಳಿದೆ, ಸ್ವಲ್ಪ ಹೆಚ್ಚೇ ಸಂತೋಷದಿಂದ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ವರ್ಷ ಪಂಚಮಿಗೆ ಜೋಳದ ಅಳ್ಳು ಹುರಿಯುತ್ತ ಕುಳಿತಾಗ ಬಾಣಲೆಯ ಸಪ್ಪಳಕ್ಕೆ ತಲೆ ವಾರೆ ಮಾಡಿ ಆ ಮಾತು ತೆಗೆದಳು. ಅವಳಪ್ಪ ಎರಡು ತರದ ಪೆಟ್ರೋಲು ಇಟ್ಟಿರುತ್ತಿದ್ದನಂತೆ. ಮಹಾಬಳೇಶ್ವರದ ಮೇಲೆಯೇ ತಿರುಗಾಡಲು ಸಾದಾ ಪೆಟ್ರೋಲು, ಕೆಳಗೆ ಕೊಂಕಣಕ್ಕೆ ಇಳಿಯಲು ಚಲೋ ಪೆಟ್ರೋಲು.

"ಉಲ್ಟಾ ಆತಲ್ಲವಾ," ಎಂದೆ ನಾನು. "ಗುಡ್ಡ ಏರಾಕಲ್ಲ ಚಲೋದು ಬೇಕಾಗೂದು?"

"ಎಲ್ಲಾರೂ ಹಂಗ ಅಂತಾರ್ರಿ. ಎತ್ತರದಾಗ ಗಾಳಿ ತೆಳ್ಳಗ ಇರತೈತಿ. ಇಂಜಿನ್ ಒಂದ ಗುಟುಕಿಗೆ ಕಡಿಮಿ ಗಾಳಿ ಕುಡೀತೈತಿ, ಒಳಗ ಒತ್ತಡ ಕಡಿಮಿ. ಸಾದಾ ಪೆಟ್ರೋಲೂ ತಡಕೋತೈತಿ. ಸಮುದ್ರದ ದಂಡಿಗೆ ಗಾಳಿ ದಪ್ಪ ನೋಡ್ರಿ, ಒಳಗ ಒತ್ತಡ ಜಾಸ್ತಿ. ಕಿಡಿ ಬಿದ್ದ ಮ್ಯಾಲ ಬೆಂಕಿ ಸಾವಕಾಶ ಹಬ್ಬಬೇಕು. ಸಾದಾ ಪೆಟ್ರೋಲಿಗೆ ತನ್ನ ಪಾಳಿ ಬರೂ ತನಕ ತಾಳಿಕಿ ಇರಂಗಿಲ್ಲ, ಒಮ್ಮಿಗೇ ಸಿಡೀತೈತಿ. ಅದ ಈ ಅಳ್ಳಿನ ಸಪ್ಪಳ. ಹಂಗ ಬಿಟ್ರ ಪಿಸ್ಟನ್ನ ಸುಟ್ಟ ಹೋಗತೈತಿ. ಪೆಟ್ರೋಲಿನ ಆ ತಾಳಿಕಿಗೆ ಆಕ್ಟೇನ್ ಅಂತಾರಂತ, ನಮ್ಮಪ್ಪ ಅಂತಿದ್ದ."

ಆಮೇಲೆ ದನಿ ತಗ್ಗಿಸಿ, ದೇವರ ಕೋಣೆಯ ಕಡೆ ನೋಡಿ, "ಸೊಸಿ ತಾಳಿಕಿ ಅಳ್ಯಾಕೂ ಒಂದ ಹೆಸರು ಇರಬೇಕಿತ್ತು ನೋಡ್ರಿ ಅಕ್ಕಾ" ಎಂದಳು. ದೇವರ ಕೋಣೆಯಿಂದ ಅತ್ತೆ, "ಕೇಳಸ್ತು" ಎಂದರು. ಮೂವರೂ ನಕ್ಕೆವು. ನಾನು ಸ್ವಲ್ಪ ತಡವಾಗಿ ನಕ್ಕೆ. ಸಮುದ್ರದ ದಂಡೆಯ ಗಾಳಿ ದಪ್ಪ ಎಂದು ಅಷ್ಟು ಸಲೀಸಾಗಿ ಅಂದಳಲ್ಲ, ಅದು ನನಗೆ ಚುಚ್ಚಿತ್ತು. ಹಾಗಾದರೆ ಇವಳು ಚಿಕ್ಕಂದಿನಿಂದ ಸಮುದ್ರ ನೋಡುತ್ತ ಬೆಳೆದವಳು. ನಾನು ನೋಡಿರಲಿಲ್ಲ.

ಸಮುದ್ರದ ಹುಚ್ಚು ನನ್ನದು. ಮುಲ್ಕಿಯ ಭೂಗೋಳದಲ್ಲಿ ಅದನ್ನು ಓದಿದಾಗಿನಿಂದ ಹಿಡಿದದ್ದು. ಮದುವೆಯಾದ ಹೊಸತರಲ್ಲಿ ಇವರು, "ನಿನಗ ಸಮುದ್ರ ನಾ ತೋರಸ್ತೇನಿ" ಎಂದು ಮಾತು ಕೊಟ್ಟಿದ್ದರು. ಹೆಂಡತಿಗೆ ಕೊಟ್ಟ ಮಾತು, ಅವಸರವೇನು? ಒಂದು ವರ್ಷ ಹತ್ತಿ, ಒಂದು ವರ್ಷ ಬಾಣಂತನ, ಒಂದು ವರ್ಷ ಮಾವನವರ ಸಾವು. ಕೊನೆಗೆ ನಾನು ಊಟ ಬಿಟ್ಟು ಕುಳಿತ ಮೇಲೆ ಒಂದು ಮಾಘದಲ್ಲಿ ಅಂಕೋಲೆಗೆ ಹೋಗುವುದು ನಿಕ್ಕಿಯಾಯಿತು. ನಾನು ಮತ್ತು ಅವರು ಅಷ್ಟೇ ಎಂದುಕೊಂಡಿದ್ದೆ. ಅತ್ತೆ, "ಒಬ್ಬಾಕಿನ್ನ ಕಳಿಸಿ ಇನ್ನೊಬ್ಬಾಕಿ ಸಪ್ಪ ಮಾರಿ ನಾ ನೋಡಾಂಗಿಲ್ಲ. ನಾಲ್ಕೂ ಮಂದಿ ಹೋಗ್ರಿ, ಮಕ್ಕಳನ್ನ ನಾ ನೋಡ್ಕೋತೇನಿ" ಎಂದರು. ನನ್ನ ಸಮುದ್ರ ಅಲ್ಲೇ ಅರ್ಧವಾಯಿತು.

ಎರಡು ಬುತ್ತಿ ಕಟ್ಟಿದೆವು. ಒಂದು ನಾನು ಕಟ್ಟಿದ್ದು, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಇನ್ನೊಂದು ಇವರು ಕಟ್ಟಿದ್ದು, ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನ ಡಬ್ಬಿಗಳು. ಪರವೂರಿಗೆ ಹೋಗುವಾಗ ನಮ್ಮ ಮಂದಿ ನೀರನ್ನೂ ಮನೆಯಿಂದ ಒಯ್ಯುವವರು. ಕಿತ್ತೂರಿನಲ್ಲಿ ಚಹಾಕ್ಕೆ ನಿಂತಾಗ ಪರಿಚಯದವರೊಬ್ಬರು ಡಬ್ಬಿ ನೋಡಿ, "ಕೆಳಗ ಪೆಟ್ರೋಲು ಸಿಗತೈತ್ರಿ, ಇದನ್ಯಾಕ ಹೊತ್ತೀರಿ?" ಎಂದರು. "ಕೆಳಗಿನ ಮಂದಿ ಏನ ಬೆರಸ್ತಾರೋ ಯಾರಿಗ್ಗೊತ್ತು. ಮನಿ ಬುತ್ತಿ ಮನಿ ಬುತ್ತೀನ" ಎಂದರು ಇವರು. ಹಿಂದಿನ ಸೀಟಿನಲ್ಲಿ ನನ್ನ ನೆಗೆಣ್ಣಿ ಸೆರಗಿನೊಳಗೆ ಕಿಸಕ್ಕೆಂದಳು. ನಾನು ಮೊಣಕೈಯಿಂದ ತಿವಿದೆ.

ಯಲ್ಲಾಪುರದವರೆಗೆ ಗಾಡಿ ಹಾಡುತ್ತ ಹೋಯಿತು. ಅರಬೈಲ ಘಟ್ಟವನ್ನು ಇಳಿಯುವಾಗಲೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ತಿರುವುಗಳಿಗೆ ಹೊಟ್ಟೆ ತೊಳಸಿಕೊಂಡ ನಮ್ಮ ಮೈದುನನಿಗೆ. ಘಟ್ಟ ಮುಗಿದು ಕೆಳಗಿನ ರಸ್ತೆ ಹಿಡಿದೆವು. ಬಿಸಿಲು, ಬೆವರು, ಅಂಟಂಟು ಗಾಳಿ. ಮೊದಲ ದಿಬ್ಬಕ್ಕೇ ಇಂಜಿನ್ನಿನಲ್ಲಿ ಅಳ್ಳು ಸಿಡಿಯತೊಡಗಿತು. ಎರಡನೆಯ ದಿಬ್ಬಕ್ಕೆ ರಾಮದುರ್ಗದ್ದು ಏನೂ ಅಲ್ಲ ಎನಿಸಿತು, ಯಾರೋ ಒಳಗೆ ಕುಳಿತು ಕಲ್ಲಿನಿಂದ ಡಬ್ಬಿ ಬಡಿದ ಹಾಗೆ. ಗಾಡಿಗೆ ಶಕ್ತಿ ಹೋಯಿತು, ನೀರು ಕುದಿದು ಹಬೆ ಬಂತು. ಇವರು ರಸ್ತೆ ಬದಿಗೆ ನಿಲ್ಲಿಸಿದರು. ಮುಖ ಕಪ್ಪಿಟ್ಟಿತ್ತು.

"ಈ ಕಡೆ ಹವಾನ ಸುಮಾರ ಐತಿ. ಗಾಡಿಗೆ ಆಗಿಬರವಲ್ದು," ಎಂದರು. "ತಂಪಾಗಲಿ, ತಿರುಗಿ ಹೋಗೂಣು."

ಎದುರಿಗೆ ಬರುತ್ತಿದ್ದ ಮೀನುಗಾರ ಹೆಂಗಸಿನ ಬುಟ್ಟಿಯಿಂದ ಉಪ್ಪಿನ ವಾಸನೆ ಬರುತ್ತಿತ್ತು. ಸಮುದ್ರ ಅಷ್ಟು ಹತ್ತಿರವಿತ್ತು. ಇವರ ಸ್ವಭಾವ ನನಗೆ ಗೊತ್ತು. ಒಮ್ಮೆ ಮುಖಭಂಗವಾದ ದಾರಿಗೆ ಮತ್ತೆ ಕಾಲಿಡುವವರಲ್ಲ. ಇಲ್ಲಿಂದ ತಿರುಗಿದರೆ ಈ ಜನ್ಮಕ್ಕೆ ನನಗೆ ಸಮುದ್ರವಿಲ್ಲ.

"ಅಕ್ಕಾ," ಎಂದಳು ಅವಳು, ತಗ್ಗಿದ ದನಿಯಲ್ಲಿ. "ಭಾವಗ ಹೇಳ್ರಿ. ತಿರುಗಿ ಹೋಗೂದಂದ್ರ ಅರಬೈಲ ಏರಬೇಕು. ಘಟ್ಟದ ಬುಡಕ್ಕ ಇದ ಗಾಳಿ, ಮ್ಯಾಲ ಏರಿನ ಭಾರ. ಇದ ಪೆಟ್ರೋಲಿನ್ಯಾಗ ಏರಿಸಿದ್ರ ಇಂಜಿನ್ ಉಳ್ಯಾಂಗಿಲ್ಲ. ಕಿಡಿ ಕೀಲು ಕೆಳಗ ಇಳಸಿ ಮೆಲ್ಲಕ ಅಂಕೋಲಾಕ್ಕ ಹೋಗಿ, ಟಾಕಿ ತೆರವು ಮಾಡಿ, ಅಲ್ಲಿ ಪೆಟ್ರೋಲು ಹಾಕಸೂಣು. ಕಂಕಣ ಬಿಚ್ಚಬೇಕರಿ."

ಇವರು ಎಲ್ಲವನ್ನೂ ಕೇಳಿಸಿಕೊಂಡು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವುದನ್ನು ಕಾಯುತ್ತಿದ್ದರು. ನಾನು ಹೇಳಿದರೆ ಅವಳು ಗೆದ್ದ ಹಾಗೆ. ಹೇಳದಿದ್ದರೆ ಸಮುದ್ರವಿಲ್ಲ. ಮೈದುನ ಗಿಡದ ಬುಡದಲ್ಲಿ ತಲೆ ಹಿಡಿದು ಕುಳಿತಿದ್ದ, ಅವನಿಂದ ಏನೂ ಆಗುವಂತಿರಲಿಲ್ಲ.

ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ.

"ಕಂಕಣ ಅವ್ವ ಕಟ್ಟಿದ್ದು. ನಾ ಮುಟ್ಟಾಂಗಿಲ್ಲ," ಎಂದರು.

ಅವಳೂ ಮುಟ್ಟುವ ಹಾಗಿರಲಿಲ್ಲ, ಚಿಕ್ಕ ಸೊಸೆ. ನಾನೇ ಗಾಡಿಯೊಳಗೆ ಬಗ್ಗಿ ಆ ಗಂಟಿಗೆ ಕೈ ಹಾಕಿದೆ. ಎಣ್ಣೆ ಕುಡಿದು, ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಉಗುರು ಮುರಿಯಿತು. ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದೆ. ನಾಲಿಗೆಯ ಮೇಲೆ ಅರಿಷಿಣದ ರುಚಿಯೂ ಸೀಮೆಎಣ್ಣೆಯ ರುಚಿಯೂ ಉಳಿದವು.

ಇಂಜಿನ್ ಆರಿದ ಮೇಲೆ ನೀರು ಹಾಕಿ ಚಾಲೂ ಮಾಡಿದರು. ಇವರು ಸ್ಟೇರಿಂಗಿನ ಮುಂದೆ, ಅವಳು ಬಾನೆಟ್ಟಿನ ಬದಿಗೆ ಕಣ್ಣು ಮುಚ್ಚಿ ಬೆರಳೆತ್ತಿ, ನಡುವೆ ನಾನು.

"ಕೆಳಗ ಇಳಸ್ರಿ ಅಂತ ಹೇಳ್ರಿ ಅಕ್ಕಾ."

"ಕೆಳಗ ಇಳಸಬೇಕಂತ."

"ಎಷ್ಟಂತ?"

"ಎಷ್ಟಂತ ಕೇಳಾಕ ಹತ್ಯಾರ."

"ಜರಾ ಜರಾ."

"ಜರಾ ಜರಾ ಅಂತ."

"ಜರಾ ಅಂದ್ರ ಎಷ್ಟ? ಕೇಳ ಅಕಿನ್ನ!"

ನನ್ನ ಬಾಯಿ ತಿರುಗುವಷ್ಟರಲ್ಲಿ ಇಂಜಿನ್ನಿನ ದನಿಯೇ ಬದಲಾಗುತ್ತಿತ್ತು. ಕೀಲು ಒಮ್ಮೆ ಹೆಚ್ಚು ಇಳಿಯಿತು, ಒಮ್ಮೆ ಹೆಚ್ಚು ಏರಿತು. ಇಂಜಿನ್ ಮುಗ್ಗರಿಸಿತು. ಆಗ ಅವಳು ಕಣ್ಣು ಬಿಡದೆಯೇ ಕೂಗಿದಳು:

"ಭಾವಾ, ಸಾಕು! ಅಲ್ಲೇ ಹಿಡೀರಿ!"

ಕೂಗಿದ ಮೇಲೆ ಏನು ಮಾಡಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು. ಸೆರಗು ಎಳೆದುಕೊಂಡಳು. ನಾನು ಇವರ ಮುಖ ನೋಡಿದೆ. ಸಿಟ್ಟು ಬರಲಿ ಎಂದು ನೋಡಿದೆ.

"ಹಿಡದೇನವಾ," ಎಂದರು ಇವರು, ಅವಳಿಗೇ, ನೇರವಾಗಿ. ಕೂಡಲೇ ಮತ್ತೆ, "ಇನ್ನೊಂದಿಷ್ಟು ಇಳಸಲೇನು?"

"ಬ್ಯಾಡ್ರಿ. ಬರೋಬರಿ ಐತಿ."

ಅಷ್ಟೇ. ಮನೆ ಮುರಿಯುವ ಮಾತೇನೂ ಅಲ್ಲ. ಆದರೆ ಆ ಕ್ಷಣದಿಂದ ನಡುವೆ ನಿಲ್ಲಲು ನನಗೆ ಜಾಗ ಉಳಿಯಲಿಲ್ಲ. ಅಂಕೋಲೆಯವರೆಗೆ ಅವಳು ಮುಂದಿನ ಸೀಟಿನಲ್ಲಿ ಕುಳಿತಳು, ದಿಬ್ಬ ಬಂದಾಗ ಕೀಲು ಎಷ್ಟಿರಬೇಕೆಂದು ಹೇಳಲು. ಹಿಂದೆ ನಾನು, ನನ್ನ ಪಕ್ಕದಲ್ಲಿ ನಿಂಬೆಹಣ್ಣು ಮೂಸುತ್ತ ಅವಳ ಗಂಡ. ಪೇಟೆಯಲ್ಲಿ ಟಾಕಿಯ ಪೆಟ್ರೋಲನ್ನು ಖಾಲಿ ಡಬ್ಬಿಗೆ ಇಳಿಸಿ ಹೊಸದು ಹಾಕಿಸಿದರು. ಇವರು ತಮ್ಮ ಬುತ್ತಿಯನ್ನು ಗಟಾರಕ್ಕೆ ಚೆಲ್ಲಲು ಹೊರಟಾಗ ಅವಳು, "ಚೆಲ್ಲಬ್ಯಾಡ್ರಿ ಭಾವಾ, ಘಟ್ಟ ಏರಿದ ಮ್ಯಾಲ ಈ ಬುತ್ತಿ ಉಣ್ಣಾಕ ಬರತೈತಿ" ಎಂದಳು. ಇವರು ಗಹಗಹಿಸಿ ನಕ್ಕರು. ಬೆಳಿಗ್ಗೆ ಕಿತ್ತೂರಿನಲ್ಲಿ ಅದೇ ಬುತ್ತಿಯ ಮೇಲೆ ಪ್ರಾಣ ಇಟ್ಟಿದ್ದವರು, ಈಗ ಅವಳ ಬಾಯಲ್ಲಿ ಅದು ಚೇಷ್ಟೆಯಾದಾಗ ನಗುತ್ತಾರೆ. ನಾನು ಅಂದಿದ್ದರೆ ಒಂದು ವಾರ ಮಾತು ಬಿಡುತ್ತಿದ್ದರು.

ಕೊನೆಗೂ ಸಮುದ್ರದ ದಂಡೆ ಮುಟ್ಟಿದೆವು. ತೆಂಗಿನ ಮರದ ನೆರಳಿಗೆ ಗಾಡಿ ನಿಲ್ಲಿಸಿದರು. ಮೈದುನ ಸೀಟಿನ ಮೇಲೆ ಕಾಲು ಚಾಚಿ ಮಲಗಿಬಿಟ್ಟ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಡೆದೆ. ಇವರು ಬರುತ್ತಾರೆ ಎಂದುಕೊಂಡೆ, ಮಾತು ಕೊಟ್ಟವರು ಅವರಲ್ಲವೇ? ನೀರಿನ ಅಂಚಿಗೆ ಹೋಗಿ ಹೊರಳಿ ನೋಡಿದೆ. ಇವರು ಗಾಡಿಯ ಹತ್ತಿರವೇ ಇದ್ದರು. ಅವಳು ಬಾನೆಟ್ಟು ಎತ್ತಿ, ಒಳಗೆ ಏನಾದರೂ ಸುಟ್ಟಿದೆಯೋ ಎಂದು ನೋಡುತ್ತಿದ್ದಳು. ಇವರು ಪಕ್ಕದಲ್ಲಿ ನಿಂತು ಒಂದೊಂದನ್ನೂ ಬೆರಳು ಮಾಡಿ ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ಇವರು ತಲೆಯಾಡಿಸುತ್ತಿದ್ದರು, ಸಾಲೆಯ ಹುಡುಗನಂತೆ. ನನ್ನ ಗಂಡ ನನ್ನನ್ನು ಆವರೆಗೆ ಕೇಳಿದ ಪ್ರಶ್ನೆ ಎಂದರೆ "ಅಡಗಿ ಆತೇನು?" ಎಂಬುದೊಂದೇ. ಅವರ ಮುಖದ ಮೇಲೆ ಇನ್ನೊಬ್ಬರ ಮಾತು ಕೇಳುವ ಆಸೆ ಇರಬಲ್ಲದು ಎಂದು ನನಗೆ ಗೊತ್ತೇ ಇರಲಿಲ್ಲ. ನೀರು ಬಂದು ಕಾಲು ತೋಯಿಸಿ ಹೋಗುತ್ತಿತ್ತು. ನಾನು ನಿಂತೇ ಇದ್ದೆ. ಆಮೇಲೆ ಇವರು ಕೂಗಿದರು, "ಬಾ ಇನ್ನ, ಬೆಳಕ ಇರೂದರಾಗ ಘಟ್ಟ ಏರಬೇಕು."

ಯಲ್ಲಾಪುರ ದಾಟಿದ ಮೇಲೆ ಡಬ್ಬಿಯ ಪೆಟ್ರೋಲು ಹಾಕಿದರು. ಅವಳು ಹೇಳಿದ ಹಾಗೆಯೇ, ಅದೇ ಬುತ್ತಿ, ಅದೇ ಗಾಡಿ, ತುಟಿಪಿಟಕ್ಕೆನ್ನದೆ ಮನೆ ಮುಟ್ಟಿಸಿತು. ಮನೆಯಲ್ಲಿ ಅತ್ತೆ ಮೊದಲು ನೋಡಿದ್ದು ಸ್ಟೇರಿಂಗನ್ನು. "ಕಂಕಣ ಯಾರ ಬಿಚ್ಚಿದ್ರು?"

"ನಾನ ರೀ ಅತ್ತಿ," ಎಂದೆ. ಬೈಗುಳ ನನ್ನ ಪಾಲಿಗೆ, ಗಾಡಿ ಉಳಿಸಿದ ಕೀರ್ತಿ ಅವಳ ಪಾಲಿಗೆ. ಇವರು ಅವ್ವನಿಗೆ ದಾರಿಯ ಕಥೆ ಹೇಳಿದರು. ಆ ಕಥೆಯಲ್ಲಿ ನನ್ನ ಹಲ್ಲಿನ ಸುದ್ದಿ ಇರಲಿಲ್ಲ.

ಆ ಮೇಲೆ ಅವರಿಬ್ಬರ ನಡುವೆ ಮಾತು ನಿಲ್ಲಲಿಲ್ಲ. ಎಲ್ಲಿಗೆ ಹೊರಡುವುದಿದ್ದರೂ ಇವರು ಇಂಜಿನ್ ಚಾಲೂ ಮಾಡಿ, "ಬಾರವಾ, ಒಂದಿಷ್ಟು ಕೇಳ" ಎಂದು ಕರೆಯುತ್ತಿದ್ದರು. ಅವಳು ಹಿಟ್ಟಿನ ಕೈಯಲ್ಲೇ ಬಂದು ಬೆರಳೆತ್ತುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತಿರುತ್ತಿದ್ದೆ. ಕೆಟ್ಟದ್ದು ಏನೂ ಇರಲಿಲ್ಲ, ದೇವರ ಆಣೆ. ಅವಳು ಅವರನ್ನು ತಂದೆಯಂತೆ ಕಂಡಳು, ಅವರು ಅವಳನ್ನು ತಂಗಿಯಂತೆ. ಕೆಟ್ಟದ್ದು ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು, ಜಗಳ ತೆಗೆಯಬಹುದಿತ್ತು, ತವರಿಗೆ ಹೋಗಿ ಕೂಡಬಹುದಿತ್ತು. ಗಂಡ ನೆಗೆಣ್ಣಿಯ ಮಾತು ಕೇಳುತ್ತಾನೆ ಎಂದು ಯಾರ ಮುಂದೆ ಅಳಲಿ?

ಗಾಡಿ ಹೋಯಿತು, ಅತ್ತೆ ಹೋದರು, ಮೈದುನ ಹೋದ, ನಮ್ಮ ಮನೆಯವರೂ ಹೋದರು. ಉಳಿದವರು ನಾವಿಬ್ಬರೇ ಮುದುಕಿಯರು, ನಡುಮನೆಯ ಆಚೆ ಈಚೆ ಮಂಚ ಹಾಕಿಕೊಂಡು. ಕೊನೆಕೊನೆಗೆ ಅವಳ ಕಿವಿ ಮಂದವಾಗಿತ್ತು. ನಾನು ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತು, ಅದರಲ್ಲಿ ನನಗೆ ಸ್ವಲ್ಪ ಸುಖವೂ ಇತ್ತು. ಹೋಗುವ ಕೆಲವು ದಿನಗಳ ಮೊದಲು, ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದಾಗ ಕೇಳಿದಳು.

"ಅಕ್ಕಾ, ಆವತ್ತು ಅಂಕೋಲಾದಾಗ ಸಮುದ್ರ ಹೆಂಗಿತ್ತರಿ?"

"ನೀ ಇದ್ದೆಲ್ಲವಾ ಅಲ್ಲೇ. ನಿನಗೇನ ಹೊಸಾದೇನು? ಸಣ್ಣಾಕಿ ಇದ್ದಾಗಿಂದ ನೋಡಿದಾಕಿ."

"ನಾ ಎಲ್ಲಿ ಕಣ್ಣ ತುಂಬ ನೋಡೇನ್ರಿ? ನಮ್ಮಪ್ಪ ಕೆಳಗ ಹೋಗಾಗ ನನ್ನ ಕರಕೊಂಡ ಹೊಕ್ಕಿದ್ದಿಲ್ಲ. ಮ್ಯಾಲಿಂದ ಸಮುದ್ರ ಕಾಣತೈತಿ ಅಂತಿದ್ರು. ನನಗ ಬರೇ ಮಂಜು ಕಾಣತಿತ್ತು." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು: "ಆವತ್ತು ನೋಡಬೇಕಂತ ಬಾಳ ಆಸೆ ಇತ್ತು. ಭಾವ ಒಂದಾದ ಮ್ಯಾಲ ಒಂದು ಕೇಳಾಕ ಹತ್ತಿದ್ರು. ದೊಡ್ಡವರು ಮಾತಾಡಸೂ ಮುಂದ ಬೆನ್ನ ತಿರಿವಿ ಹೆಂಗ ಹೋಗಲಿ? ಬಾನೆಟ್ಟಿನ್ಯಾಗ ತಲಿ ಹಾಕ್ಕೊಂಡ ನಿಂತೆ. ನೀವು ಆರಾಮ ನೀರಾಗ ನಿಂತಿದ್ರಿ, ಎಷ್ಟ ಹೊತ್ತು! ಖರೆ ಹೇಳ್ತೇನಿ ಅಕ್ಕಾ, ಆವತ್ತು ನಿಮ್ಮ ಮ್ಯಾಲ ನನಗ ಬಾಳ ಹೊಟ್ಟಿಕಿಚ್ಚ ಆಗಿತ್ತು."

ನಾನು ಚಮಚವನ್ನು ಗಂಜಿಯ ಬಟ್ಟಲಿಗೆ ಇಳಿಸಿದೆ.

"ಹೇಳ್ರಿ, ಹೆಂಗಿತ್ತು?"

ನೆನಪು ಮಾಡಿಕೊಂಡೆ. ಮರಳು ನೆನಪಾಯಿತು. ತೆಂಗಿನ ನೆರಳು, ಎತ್ತಿದ ಬಾನೆಟ್ಟು, ಅವಳ ಮೊಣಕೈಗೆ ಹತ್ತಿದ ಮಸಿ, ಇವರು ತಲೆಯಾಡಿಸುತ್ತಿದ್ದ ರೀತಿ, ಎಲ್ಲವೂ ನಿನ್ನೆ ನೋಡಿದಂತೆ ಕಣ್ಣಿಗೆ ಬಂತು. ನೀರು ಕಾಲಿಗೆ ತಾಗಿದ್ದು ಗೊತ್ತು. ಅದರ ಬಣ್ಣ ಗೊತ್ತಿರಲಿಲ್ಲ. ಅಲ್ಲಿ ನಿಂತಷ್ಟು ಹೊತ್ತೂ ನಾನು ಅದಕ್ಕೆ ಬೆನ್ನು ಮಾಡಿ ನಿಂತಿದ್ದೆ.

"ದೊಡ್ಡದಿತ್ತವಾ," ಎಂದೆ.

"ಅಷ್ಟ?"

"ಬಾಳ ದೊಡ್ಡದಿತ್ತು."

ಅವಳು ಕಣ್ಣು ಮುಚ್ಚಿದಳು, ತಲೆ ವಾರೆ ಮಾಡಿದಳು, ಬೆರಳು ಸ್ವಲ್ಪ ಮೇಲೆದ್ದಿತು. ನಾನು ಇನ್ನೂ ಹೇಳುತ್ತೇನೆಂದು ಕಾದಳು. ಬಹಳ ಹೊತ್ತು ಕಾದ ಮೇಲೆ ಬೆರಳು ಕೆಳಗಿಳಿಯಿತು.

"ಹೋಗ್ಲಿ ಬಿಡ್ರಿ," ಎಂದು ನಕ್ಕಳು. "ಅದೊಂದು ನಿಮಗ ಇರಲಿ."

ನಾನು ಸಮುದ್ರವನ್ನು ಅವಳಿಗೆ ಕೊಡದೆ ಬಚ್ಚಿಟ್ಟುಕೊಂಡೆ ಎಂದೇ ತಿಳಿದುಕೊಂಡು ಹೋದಳು.